ಗುರುವಾರದ ಪಟ್ಟಿ

ಮಗ ಲ್ವಾಝಿ ಸೋಫಾದ ಮೇಲೆ ಮಲಗಿದ್ದರೆ ಮಾ ಝೊಂಡಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಗುಡಿಸಿದ ನೆಲವನ್ನೇ ಮತ್ತೆ ಗುಡಿಸುವಳು. (ಇಡೀ ಉಮ್ಲಾಝಿ ಊರಲ್ಲಿ ಅಷ್ಟು ಸವೆದ ನೆಲ ಇನ್ನೊಂದಿರಲಿಲ್ಲ.) ಚರ್ಚಿನ ಹೆಂಗಸರು ಗುರುವಾರ ಗುರುವಾರ ಓದುವ ಪ್ರಾರ್ಥನೆಯ ಪಟ್ಟಿಯಲ್ಲಿ ಆರು ವರ್ಷದಿಂದ "ನಿರುದ್ಯೋಗಿ ಲ್ವಾಝಿ" ಇದ್ದೇ ಇದ್ದ. ಅವನ ನಂತರ ಸೇರಿದ ಕಾಯಿಲೆಯವರೆಲ್ಲ ಗುಣವಾಗಿ ಹೋಗಿದ್ದರು.

"ಹುಡುಕೋದಕ್ಕೇನು ಕಷ್ಟ ನಿಂಗೆ?"

"ಮೂರು ತಿಂಗಳಿಗೊಂದ್ಸಲ ಸರ್ಟಿಫಿಕೇಟ್ ನಕಲಿಗೆ ಪೊಲೀಸ್ ಠಾಣೆ ಸೀಲು ಹೊಸದಾಗಿ ಹಾಕಿಸ್ಬೇಕು, ಮಾ. ಹಾಕಿಸ್ಕೊಂಡು ಹೋದ್ರೆ ಅನುಭವ ಕೇಳ್ತಾರೆ. ಸಾಲಲ್ಲಿ ನಿಂತ ಅನುಭವ ಆರು ವರ್ಷದ್ದಿದೆ ಅಂದೆ. ಯಾರೂ ನಗಲಿಲ್ಲ." ಗೋಡೆಯ ಕಡೆ ಹೊರಳಿದ. "ಸಾಕು. ಇನ್ನು ಹೋಗಲ್ಲ."

ತಿಂಗಳೊಂದು ಕಳೆದ ಮೇಲೆ ಸರ್ಕಾರಿ ಸಮೀಕ್ಷೆಯ ಹುಡುಗಿ ಬಂದಳು.

"ಅಣ್ಣ, ಕಳೆದ ನಾಲ್ಕು ವಾರದಲ್ಲಿ ಕೆಲಸ ಹುಡುಕಿದ್ರಾ?"

"ಇಲ್ಲ."

"ಹುಡುಕದೇ ಇದ್ರೆ ನಿರುದ್ಯೋಗಿ ಅಂತ ಬರ್ಕೊಳ್ಳಕ್ಕಾಗಲ್ಲ."

ಮಾ ಝೊಂಡಿಯ ಪೊರಕೆ ನಿಂತಿತು. "ಅಂದ್ರೆ ನನ್ನ ಮಗ ನಿರುದ್ಯೋಗಿ ಅಲ್ವಾ?"

"ನಮ್ಮ ಲೆಕ್ಕದಲ್ಲಿ ಅಲ್ಲ, ಮಾ."

ದೇವರು ಸರ್ಕಾರದ ಬಾಯಿಂದಲೂ ನುಡಿಯುತ್ತಾನೆ ಎಂದುಕೊಂಡಳು. ಗುರುವಾರ ಚರ್ಚಿನಲ್ಲಿ ಎದ್ದುನಿಂತು, "ನನ್ನ ಮಗ ಇನ್ನು ನಿರುದ್ಯೋಗಿ ಅಲ್ಲ" ಎಂದು ಸಾಕ್ಷಿ ನುಡಿದಳು. (ಇದರಲ್ಲಿ ಒಂದಕ್ಷರ ಸುಳ್ಳಿಲ್ಲ.) ಶನಿವಾರ ಹನ್ನೊಂದು ಹೆಂಗಸರು ಹಾಡುತ್ತಲೇ ಮನೆಗೆ ಬಂದರು. ಕೃತಜ್ಞತೆಯ ಊಟಕ್ಕೆ ಮನೆಯ ಒಂದೇ ಕೋಳಿ ಹೋಯಿತು.

ಉಂಡು ಕೈತೊಳೆದ ಮೇಲೆ ಹಿರಿಯಳಾದ ಮಾ ಶಂಗಾಸೆ ಕೀರ್ತನೆ ಪುಸ್ತಕದ ಅಡಿಯಿಂದ ಒಂದು ಲಕೋಟೆ ತೆಗೆದಳು. "ನಿಮ್ಮ ಧಣಿಗೆ ಕೊಡಪ್ಪ. ನಮ್ಮ ಹುಡುಗನ ಸರ್ಟಿಫಿಕೇಟು. ಅವನೂ ಎರಡು ವರ್ಷದಿಂದ ಗೋಡೆ ನೋಡ್ಕೊಂಡು ಮಲಗಿದಾನೆ."

ಉಳಿದ ಹತ್ತು ಹೆಂಗಸರ ಚೀಲಗಳು ಒಟ್ಟಿಗೇ ಬಾಯಿ ತೆರೆದವು. ಮೇಜಿನ ಮೇಲೆ ಹನ್ನೊಂದು ಲಕೋಟೆ.

ಲ್ವಾಝಿ ತಾಯಿಯನ್ನು ನೋಡಿದ. ತಾಯಿ ನೆಲವನ್ನು ನೋಡಿದಳು.

"ನಂಗೆ ಧಣಿ ಇಲ್ಲ, ಮಾ ಶಂಗಾಸೆ. ಹುಡುಕೋದು ಬಿಟ್ಟೆ, ಅಷ್ಟೇ."

ಹನ್ನೊಂದು ಮುಖಗಳು ಮಾ ಝೊಂಡಿಯತ್ತ ತಿರುಗಿದವು. ಆರು ವರ್ಷ ಮಂಡಿಯೂರಿ ಗಳಿಸಿದ ಮಾನ ಆ ಮೇಜಿನ ಮೇಲಿತ್ತು. ಅವಳು ಲಕೋಟೆಗಳನ್ನೆಲ್ಲ ಬಾಚಿ ಎದೆಗವಚಿಕೊಂಡಳು.

"ನಾನೇ ಹೋಗ್ತೀನಿ. ಹುಡುಕೋದಕ್ಕೇನು ಕಷ್ಟ?"

ಮೂರು ತಿಂಗಳ ಮೇಲೆ ಸಮೀಕ್ಷೆಯ ಹುಡುಗಿ ಮತ್ತೆ ಬಂದಾಗ ಲ್ವಾಝಿ ನೆಲ ಗುಡಿಸುತ್ತಿದ್ದ. ಮಾ ಝೊಂಡಿ ಊದಿದ ಕಾಲು ಚಾಚಿ ಸೋಫಾದ ಮೇಲೆ ಬಿದ್ದಿದ್ದಳು. ಪಕ್ಕದಲ್ಲಿ ಹನ್ನೊಂದು ಲಕೋಟೆ. ಒಳಗಿನ ಪೊಲೀಸ್ ಸೀಲುಗಳ ಅವಧಿ ಹಿಂದಿನ ದಿನವಷ್ಟೇ ಮುಗಿದಿತ್ತು.

"ಈ ಮನೇಲಿ ಯಾರಾದ್ರೂ ಕೆಲಸ ಹುಡುಕಿದ್ರಾ?"

"ನಾನು, ಮಗಳೇ. ಒಂದು ಫ್ಯಾಕ್ಟರಿ ಗೇಟೂ ಬಿಟ್ಟಿಲ್ಲ."

"ಸಿಕ್ತಾ?"

"ಒಂದೂ ಇಲ್ಲ."

"ಹಾಗಾದ್ರೆ ನೀವು ನಿರುದ್ಯೋಗಿ, ಮಾ," ಎಂದು ಹುಡುಗಿ ಬರೆದುಕೊಂಡಳು.

ಆ ಗುರುವಾರದ ಪಟ್ಟಿಯಲ್ಲಿ ಮೊದಲ ಹೆಸರು ಅವಳದೇ. ಲ್ವಾಝಿ ಬರೆದು ಕಳಿಸಿದ್ದ.