ಒಬ್ಬರೇ ಚಾದರ ಮಡಚುವ ಯಂತ್ರ

ಗುಟ್ಟು ಕಾಪಾಡುವುದರಲ್ಲಿ ನನ್ನನ್ನು ಮೀರಿಸುವವರಿಲ್ಲ. ಹೇಳೋಣವೆಂದರೆ ಯಾರೂ ಇಲ್ಲವಲ್ಲ! ಪುಣೆಯ ಸದಾಶಿವ ಪೇಠದಲ್ಲಿ ಹತ್ತಾರು ಮನೆಗಳಿರುವ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಹನ್ನೊಂದು ವರ್ಷದಿಂದ ಒಬ್ಬನೇ ಇದ್ದೇನೆ. ಮದುವೆಯಾಗಲಿಲ್ಲ. ಯಾಕೆಂದು ಕೇಳುವುದನ್ನು ವಿಜಯಪುರದ ನೆಂಟರೂ ಬಿಟ್ಟಿದ್ದಾರೆ.

ನಾನು ತಳೇಗಾಂವದ ಒಂದು ಪಂಪು ಕಾರ್ಖಾನೆಯಲ್ಲಿ ಗುಮಾಸ್ತ. ಈ ವರ್ಷ ಕಂಪನಿಯ ದೊಡ್ಡವರು ಹೊಸ ಅಳತೆಗೋಲು ಹಿಡಿದರು. ಯಾವ ಊರಿನ ಕಾರ್ಖಾನೆಯಿಂದ ಹೆಚ್ಚು ಪೇಟೆಂಟ್ ಅರ್ಜಿ ಹೋಗುತ್ತದೋ ಆ ಸೀಮೆಯಲ್ಲಿ ಹೆಚ್ಚು ಬುದ್ಧಿ! ಗೇಟಿನ ಹತ್ತಿರ ಬೋರ್ಡೂ ಬಂತು. ನಾವು ಮತ್ತು ಕೊಯಮತ್ತೂರಿನವರು ಸಮ ಸಮ. ಅವರು ಒಂದೇ ಮುಚ್ಚಳಕ್ಕೆ ನಾಲ್ಕು ಅರ್ಜಿ ಹಾಕಿದ್ದರಂತೆ.

ನಮ್ಮ ಮ್ಯಾನೇಜರು ದೇಸಾಯಿ ಸಾಹೇಬರು ಎಲ್ಲರನ್ನೂ ಕರೆದು ಹೇಳಿದರು: "ಇನ್ನೊಂದೇ ಒಂದು ಬೇಕ್ರಿ. ಏನರೆ ಇರ್ಲಿ, ಹೊಸಾದಿರಬೇಕು. ಮಾಡಿದವ್ರ ಹೆಸರು ಬೋರ್ಡಿನ ಮ್ಯಾಲೆ!"

ನಾನು ಕೈ ಎತ್ತಿದೆ. ಮನೆಯಲ್ಲಿ ನನ್ನದೊಂದು ಯಂತ್ರವಿತ್ತು. ದೊಡ್ಡ ಚಾದರ ಮಡಚಲು ಇಬ್ಬರು ಬೇಕು. ಒಬ್ಬನೇ ಮಡಚಲು ಹೋದರೆ ಒಗೆದದ್ದೆಲ್ಲ ನೆಲ ಒರೆಸುತ್ತದೆ. ಅದಕ್ಕೇ ಗೋಡೆಗೆ ಹಲಗೆ ಹೊಡೆದು, ಸ್ಪ್ರಿಂಗು ಕಟ್ಟಿ, ಎರಡು ಕ್ಲಿಪ್ಪು ಕೂಡಿಸಿದ್ದೆ. ಆ ಕಡೆಯ ಎರಡು ತುದಿ ಕ್ಲಿಪ್ಪು ಹಿಡಿಯುತ್ತದೆ, ಈ ಕಡೆಯದು ನಾನು. ಮಡಚಿದ ಮೇಲೆ ದಾರ ಎಳೆದರೆ ಸಾಕು, ಬಿಡುತ್ತದೆ. ಜಗಳವಿಲ್ಲ, ಮಾತಿಲ್ಲ!

ಕಂಪನಿಯ ವಕೀಲೆ, ಮೈಸೂರಿನ ಹುಡುಗಿ, ಫೋನಿನಲ್ಲಿ ಎಚ್ಚರಿಸಿದಳು: "ಸರ್, ಅರ್ಜಿ ಹಾಕೋವರೆಗೂ ಇದನ್ನ ಯಾರಿಗೂ ತೋರಿಸ್ಬೇಡಿ. ತೋರಿಸಿದ್ರೆ ಅದು ಹೊಸದಲ್ಲ ಅಂತಾರೆ."

"ನಮ್ಮ ಮನೀಗೆ ಗ್ಯಾಸಿನವನ ಬಿಟ್ರ ಯಾರೂ ಬರಂಗಿಲ್ಲವ್ವಾ," ಎಂದೆ ಹೆಮ್ಮೆಯಿಂದ.

ಮರುದಿನವೇ ಭಾನುವಾರ. ಮೇಲಿನ ಗಚ್ಚಿಯಿಂದ ಒಂದು ಚಾದರ ಹಾರಿಬಂದು ನನ್ನ ಗ್ಯಾಲರಿಯಲ್ಲಿ ಬಿತ್ತು. ಹಿಂದೆಯೇ ಪಕ್ಕದ ಮನೆಯ ವಿಮಲಾಬಾಯಿ ಬಂದರು. ಬಾಗಲಕೋಟೆಯವರು, ನಮ್ಮ ಕಡೆಯವರೇ. ಚಾದರವನ್ನು ಹಾಗೇ ಮುದ್ದೆ ಮಾಡಿ ಕೊಡಬಹುದಿತ್ತು. ಆದರೆ ನನ್ನೊಳಗಿನ ವಿಜ್ಞಾನಿ ಕೇಳಬೇಕಲ್ಲ! ಅವರ ಕಣ್ಣೆದುರೇ ಕ್ಲಿಪ್ಪಿಗೆ ಸಿಕ್ಕಿಸಿ ಮಡಚಿ ಕೊಟ್ಟೆ.

"ಅಯ್ಯ ನಮ್ಮವ್ವ, ಭಾಳ ಛಲೋ ಅದಲ್ರಿ!"

ಮಧ್ಯಾಹ್ನ ಅವರು ನಾಲ್ಕು ಚಾದರ ಮತ್ತು ಐದು ಜನರೊಂದಿಗೆ ಬಂದರು. ಬೇಡ ಎನ್ನಬೇಕಿತ್ತು. ಎನ್ನಲಿಲ್ಲ. ನನ್ನ ಹೊಸ್ತಿಲಾಚೆ ಆರು ಜೋಡಿ ಚಪ್ಪಲಿ ಕಂಡು ಎರಡೆರಡು ಸಲ ಎಣಿಸಿದೆ. ಕೆಳಗಿನ ಮನೆಯ ಜೋಶಿ ಕಾಕಾ ಮರಾಠಿಯಲ್ಲಿ "ಕಾಯ್ ಡೋಕಂ ಆಹೇ!" ಎಂದು ನನ್ನ ತಲೆಯನ್ನು ಹೊಗಳಿದರು. ಅದೇ ತಲೆ ತಿರುಗಿತು. ಚಹಾ ಮಾಡಿದೆ. ಕಪ್ಪು ಸಾಲದೆ ಅವರವರ ಮನೆಯಿಂದಲೇ ತರಿಸಿದೆ. ಕಾಕಾ ಮೊಬೈಲು ಹಿಡಿದಾಗ ಒಂದೊಂದು ಸ್ಕ್ರೂ ಬಿಚ್ಚಿ, ಅಳತೆ ಸಮೇತ ವಿವರಿಸಿ, ಕೊನೆಗೆ ಕೈಯನ್ನೂ ಮುಗಿದೆ. ಸಂಜೆಯೊಳಗೆ ವಾಡೆಯ ಉಳಿದ ಮನೆಯವರೂ ಬಂದು ನೋಡಿದರು, ಆ ವಿಡಿಯೋ ಊರೆಲ್ಲ ಸುತ್ತಿತು.

ಮುಂದಿನ ವಾರ ವಕೀಲೆ ಕೇಳಿದಳು: "ಯಾರಿಗೂ ತೋರಿಸಿಲ್ಲ ತಾನೆ ಸರ್?"

"ಛೇ ಛೇ, ಯಾರಿಗೂ ಇಲ್ಲ. ವಾಡೇದವ್ರಿಗೆ ಅಷ್ಟ."

"ಎಷ್ಟು ಜನ?"

"ಹದಿನಾಲ್ಕು ಮನಿ. ಮತ್ತ ವಿಡಿಯೋ ನೋಡಿದವ್ರು."

ಅವಳು ನನ್ನ ಅರ್ಜಿಯನ್ನು ಅಲ್ಲಿಗೇ ಕೈಬಿಟ್ಟಳು. ತಿಂಗಳ ಕೊನೆಗೆ ಕೊಯಮತ್ತೂರಿನವರು ಅದೇ ಮುಚ್ಚಳಕ್ಕೆ ಐದನೇ ಅರ್ಜಿ ಹಾಕಿ ಗೆದ್ದರು. ಹೀಗೆ ಸಮಸ್ತ ಪುಣೆ ಸೀಮೆಯ ಬುದ್ಧಿಮತ್ತೆಯು ನನ್ನೊಬ್ಬನ ದೆಸೆಯಿಂದ ಇಳಿಮುಖವಾಯಿತು!

"ಒಂದು ಗುಟ್ಟು ಹೊಟ್ಟ್ಯಾಗ ಇಟ್ಕೊಳ್ಳಾಕ ಆಗ್ಲಿಲ್ಲೇನ್ರಿ?" ಎಂದರು ದೇಸಾಯಿ ಸಾಹೇಬರು.

ಬೋರ್ಡು ಹೋದರೆ ಹೋಗಲಿ, ಮಂದಿಯಾದರೂ ಸಿಕ್ಕರಲ್ಲ ಎಂದು ಸಮಾಧಾನ ಮಾಡಿಕೊಂಡೆ. ಭಾನುವಾರ ಚಹಾಕ್ಕೆ ನೀರಿಟ್ಟು ಕಾದೆ. ಯಾರೂ ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ವಿಡಿಯೋ ನೋಡಿ ಎಲ್ಲರೂ ಬಡಿಗನಿಂದ ತಮ್ಮ ತಮ್ಮ ಮನೆಯಲ್ಲೇ ಯಂತ್ರ ಮಾಡಿಸಿಕೊಂಡಿದ್ದರು! ಇನ್ನೊಬ್ಬರು ಬೇಡವಾಗುವಂಥ ಯಂತ್ರ ಮಾಡಿದವನು ನಾನೇ, ಯಾರನ್ನು ಬೈಯಲಿ?

ನಿನ್ನೆ ತಡೆಯಲಾಗಲಿಲ್ಲ. ಒಗೆದ ಚಾದರ ಹಿಡಿದು ವಿಮಲಾಬಾಯಿಯವರ ಬಾಗಿಲು ತಟ್ಟಿದೆ. "ಯಂತ್ರ ಕೆಟ್ಟದರಿ. ಸ್ವಲ್ಪ ಆ ಕಡೆ ಹಿಡೀತೀರೇನು?" ಎಂದು ಸುಳ್ಳು ಹೇಳಿದೆ.

"ಅಯ್ಯ, ಅದಕ್ಯಾಕ ಚಿಂತಿ ಮಾಡ್ತೀರಿ!" ಎಂದು ಒಳಗೆ ಹೋದರು. ಬಂದವರ ಕೈಯಲ್ಲಿ ಹಲಗೆ, ಸ್ಪ್ರಿಂಗು, ಕ್ಲಿಪ್ಪು ಎಲ್ಲ ಇತ್ತು. "ನಾವು ಎರಡು ಮಾಡಿಸೀವಿ. ಇದನ್ನ ನೀವಾ ಇಟ್ಕೊಳ್ರಿ."

ಈಗ ನನ್ನ ಮನೆಯ ಎದುರುಬದುರು ಗೋಡೆಗಳ ಮೇಲೆ ಎರಡು ಯಂತ್ರಗಳಿವೆ: ಆ ತುದಿಗೆ ಒಂದು, ಈ ತುದಿಗೆ ಒಂದು. ಚಾದರ ಮಡಚಲು ಇನ್ನು ನಾನೂ ಬೇಕಾಗಿಲ್ಲ!