ನೂರ ಹದಿನೆಂಟು ಡಿಗ್ರಿ

ಅನರ್ಥಕ್ಕೆಲ್ಲ ಕಾರಣ ಕಂಪ್ಯೂಟರ್ ಪರದೆಯ ಮೂಲೆಯಲ್ಲಿದ್ದ ಒಂದು ಪುಟ್ಟ ಸಂಖ್ಯೆ. ಅದನ್ನು ನೋಡು ಎಂದು ಯಾರೂ ಹೇಳಿರಲಿಲ್ಲ. ನೋಡದೆ ಇದ್ದಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ನಮ್ಮ ತಜ್ಞರು ನೋಡಿದರು. ನೋಡಿದ ಮೇಲೆ ಸುಮ್ಮನಿರುವುದು ಅವರ ಜಾತಕದಲ್ಲೇ ಬರೆದಿರಲಿಲ್ಲ.

ತಜ್ಞರು ಎಂಬುದು ಅವರ ಹೆಸರಲ್ಲ. ಮನೆ, ಶಾಲೆ ಕಟ್ಟಿಸುವ ಇಂಜಿನಿಯರ್ ಒಬ್ಬರ ಕಚೇರಿಯಲ್ಲಿ ಅವರು ನಕ್ಷೆ ಬರೆಯುವವರು, ಅಷ್ಟೇ. ಗೋಡೆ ಗಡಿಯಾರ ನಿಂತರೆ ಬೇರೆಯವರು ಬ್ಯಾಟರಿ ಬದಲಿಸುತ್ತಾರೆ. ಇವರು ಗಡಿಯಾರವನ್ನೇ ಬಿಚ್ಚುತ್ತಾರೆ. ಆ ಗಡಿಯಾರ ಈಗ ಬಿಸ್ಕತ್ ಡಬ್ಬಿಯಲ್ಲಿದೆ. ಹೀಗಾಗಿ ಕಚೇರಿಯವರು ಬೆನ್ನ ಹಿಂದೆ ಅವರನ್ನು ತಜ್ಞರು ಅನ್ನುತ್ತಿದ್ದರು. ಒಮ್ಮೆ ಯಾರೋ ಬಾಯಿ ತಪ್ಪಿ ಎದುರಿಗೇ ಹಾಗೆ ಕರೆದುಬಿಟ್ಟರು. ಅವರು ಮುಖ ಅರಳಿಸಿಕೊಂಡು "ಏನು, ಹೇಳಿ?" ಅಂದರು. ಅಂದಿನಿಂದ ಎದುರಿಗೂ ಅದೇ ಆಯಿತು.

ಹದಿನೈದು ದಿನದ ಹಿಂದೆ ಅವರು ಯಜಮಾನರಾದ ಆ ಇಂಜಿನಿಯರರ ತಲೆ ತಿಂದು ಹೊಸ ಕಂಪ್ಯೂಟರ್ ತರಿಸಿದ್ದರು. ಸಾಮಾನ್ಯದ್ದಲ್ಲ, ದ್ರವದಿಂದ ತಂಪಾಗುವಂಥದ್ದು. ಅದರ ಮಿದುಳಾದ ಪ್ರೊಸೆಸರ್ ಮೇಲೆ ಅಂಗೈಯಗಲದ ಪಂಪು. ಪಂಪಿನಿಂದ ಹೊರಟ ಎರಡು ಕಪ್ಪು ರಬ್ಬರ್ ಪೈಪು. ಪೈಪಿನ ತುದಿಗೆ ರೇಡಿಯೇಟರು. ಒಳಗಿನ ದ್ರವ ಬಿಸಿಯನ್ನು ಹೊತ್ತು ರೇಡಿಯೇಟರಿಗೆ ಹೋಗಿ, ತಣಿದು, ಮತ್ತೆ ಬರುತ್ತದೆ. ಈ ಸಂಗತಿಯನ್ನು ತಜ್ಞರು ಕಚೇರಿಗೆ ಬಂದವರಿಗೆಲ್ಲ ವಿವರಿಸಿದ್ದರು. ಅಂಚೆಯವನಿಗೆ ಎರಡು ಸಲ.

ಅಂದು ಸಂಜೆ ನಾಲ್ಕಕ್ಕೆ ಶಾಲೆಯೊಂದರ ಮುಖ್ಯೋಪಾಧ್ಯಾಯಿನಿ ಬರುವವರಿದ್ದರು. ಅವರ ಹೊಸ ಕಟ್ಟಡ ಹೇಗೆ ಕಾಣುತ್ತದೆ ಎಂದು ವಿಡಿಯೊದಲ್ಲಿ ತೋರಿಸಬೇಕಿತ್ತು. "ಇದೊಂದು ಸರಿಯಾಗಿ ಆಗ್ಲಿ ತಜ್ಞರೇ, ಆ ಏಸಿ ರೂಮು ನಿಮಗೆ" ಅಂದಿದ್ದರು ಯಜಮಾನರು. ಏಸಿ ರೂಮೆಂದರೆ ಎಲ್ಲರೂ ಕೂತು ಕೆಲಸ ಮಾಡುವ ಹಾಲಿನ ಪಕ್ಕದ ಖಾಲಿ ಕೋಣೆ. ಹಾಲಿನಲ್ಲಿ ತಜ್ಞರ ಕುರ್ಚಿ ಪಶ್ಚಿಮದ ಕಿಟಕಿಗೆ ಒರಗಿಕೊಂಡಿತ್ತು. ಮಧ್ಯಾಹ್ನದ ಮೇಲೆ ಅಲ್ಲಿ ಕೂತವರು ಒಂದೇ ಮಗ್ಗುಲಲ್ಲಿ ಬೇಯುತ್ತಿದ್ದರು. ಆರು ವರ್ಷ ಹಾಗೆ ಬೆಂದಿದ್ದ ತಜ್ಞರು ಹಿಂದಿನ ಸಂಜೆಯೇ ಆ ಕೋಣೆಯ ಬಾಗಿಲಿಗೆ ಮೊಳೆ ಹೊಡೆದಿಟ್ಟಿದ್ದರು. ಅದಕ್ಕೆ ತೂಗುಹಾಕುವ ಹೆಸರಿನ ಫಲಕವೂ ಸಿದ್ಧವಾಗಿ ಮೇಜಿನ ಖಾನೆಯಲ್ಲಿತ್ತು.

ಬೆಳಿಗ್ಗೆ ಒಂಬತ್ತಕ್ಕೆ ಅವರು ಹೊಸ ಕಂಪ್ಯೂಟರಿನಲ್ಲಿ ವಿಡಿಯೊ ತಯಾರಾಗಲು ಬಿಟ್ಟರು. ಹನ್ನೆರಡೂವರೆಗೆ ತಾನಾಗಿ ಮುಗಿಯುತ್ತಿತ್ತು. ಮಾಡಬೇಕಾದ ಕೆಲಸವೊಂದೇ, ಏನೂ ಮಾಡದೆ ಕೂತಿರುವುದು. ಅದೇ ಅವರಿಂದ ಆಗಲಿಲ್ಲ. ಹಿಂದಿನ ದಿನ ಹಾಕಿಕೊಂಡಿದ್ದ, ಪ್ರೊಸೆಸರಿನ ಬಿಸಿ ತೋರಿಸುವ ಸಾಫ್ಟ್‌ವೇರನ್ನು ತೆರೆದು ನೋಡಿದರು.

118.

"ಅಯ್ಯಯ್ಯೋ! ನೂರ ಹದಿನೆಂಟು ಡಿಗ್ರಿ!"

ಎದುರು ಮೇಜಿನ ಟೈಪಿಸ್ಟ್ ಅಕ್ಕ ತಲೆಯೆತ್ತಿದರು. ಅವರ ಮಗಳಿಗೆ ಎರಡು ದಿನದಿಂದ ಜ್ವರ. ಮನೆಯ ಥರ್ಮಾಮೀಟರ್ ಕೆಟ್ಟಿತ್ತೆಂದು ಬರುವ ದಾರಿಯಲ್ಲಿ ಹೊಸದೊಂದು ಕೊಂಡು ಚೀಲದಲ್ಲಿಟ್ಟುಕೊಂಡಿದ್ದರು.

"ಯಾರಿಗೆ ತಜ್ಞರೇ?"

"ಪ್ರೊಸೆಸರಿಗೆ ಅಕ್ಕಾ!"

"ಪಾಪ. ನಮ್ಮ ಹುಡುಗಿಗೆ ನಿನ್ನೆ ನೂರ ಎರಡಿತ್ತು. ಒದ್ದೆ ಬಟ್ಟೆ ಹಾಕಿದೆ, ಇಳೀತು."

ತಜ್ಞರು ಆಕೆಯನ್ನು ನೋಡಿದ ನೋಟದಲ್ಲಿ ಮರುಕವಿತ್ತು. "ಅಕ್ಕಾ, ಇದು ಜ್ವರ ಅಲ್ಲ. ನೀರು ಎಷ್ಟಕ್ಕೆ ಕುದಿಯತ್ತೆ ಗೊತ್ತಾ? ನೂರಕ್ಕೆ. ಇದು ನೂರ ಹದಿನೆಂಟು. ಎದ್ದು ದೂರ ಹೋಗಿ. ಯಾರೂ ಮುಟ್ಟಬೇಡಿ!"

ಹೇಳಿದವರೇ ವಿಡಿಯೊ ಕೆಲಸವನ್ನು ಅರ್ಧಕ್ಕೆ ನಿಲ್ಲಿಸಿದರು. ಅರ್ಧಕ್ಕೆ ನಿಂತರೆ ಮತ್ತೆ ಮೊದಲಿಂದ ಶುರು ಮಾಡಬೇಕು. ಅದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಸಂಖ್ಯೆ ಸ್ವಲ್ಪ ಇಳಿದು ನೂರ ಆರರಲ್ಲಿ ನಿಂತಿತು.

"ನೋಡಿದ್ರಾ? ಕೆಲಸ ಇಲ್ದಿದ್ರೂ ಕುದೀತಿದೆ!"

ಕಂಪ್ಯೂಟರ್ ಮಾರಿದ ಅಂಗಡಿಯವನಿಗೆ ಫೋನು ಹೋಯಿತು.

"ನೂರ ಹದಿನೆಂಟಾ?" ಅಂಗಡಿಯವನ ದನಿಯಲ್ಲಿ ನಂಬಿಕೆಯೇ ಇರಲಿಲ್ಲ. "ಸಾಧ್ಯ ಇಲ್ಲ ಸಾರ್. ನೂರರ ಹತ್ರ ಬಂದ್ರೆ ಸಾಕು, ಅದೇ ಆಫ್ ಆಗ್ಬಿಡತ್ತೆ. ಸರಿಯಾಗಿ ನೋಡಿದ್ರಾ?"

"ನನಗೆ ಓದೋಕೆ ಬರತ್ತೆ ಕಣ್ರೀ."

"ಹಾಗಲ್ಲ ಸಾರ್, ಸೆಟ್ಟಿಂಗಲ್ಲಿ ಏನಾದ್ರೂ..."

ತಜ್ಞರು ಫೋನು ಕುಕ್ಕಿದರು. "ಮಾರುವಾಗ ಬಾಯಿ, ಕೆಟ್ಟಾಗ ಸೆಟ್ಟಿಂಗು! ಆಫ್ ಆಗಬೇಕಿತ್ತಂತೆ. ನಮ್ಮ ಮಿಷನ್ನು ಗಟ್ಟಿ, ತಡ್ಕೊಂಡಿದೆ, ಅದಕ್ಕೆ ಏನ್ಮಾಡೋದು?"

ಆಗ ಅವರಿಗೆ ಹೊಳೆಯಿತು: ಪಂಪು, ಪೈಪು, ನೀರು. ಹಿತ್ತಿಲ ಬಚ್ಚಲಲ್ಲಿ ಪ್ಲಂಬರಣ್ಣ ಬೆಳಿಗ್ಗೆಯಿಂದ ಸೋರುವ ನಲ್ಲಿ ಸರಿಮಾಡುತ್ತಿದ್ದ. ತಜ್ಞರು ಮೆಟ್ಟಿಲಿಳಿದು ಓಡಿದರು. ಲಕ್ಷ ಲಕ್ಷ ಲೆಕ್ಕವನ್ನು ಕಣ್ಣು ಮಿಟುಕಿಸುವುದರೊಳಗೆ ಮಾಡುವ ಯಂತ್ರಕ್ಕೆ ಅವರು ವೈದ್ಯನನ್ನು ಹುಡುಕಿದ್ದು ಬಚ್ಚಲಲ್ಲಿ.

ಪ್ಲಂಬರಣ್ಣ ಸ್ಪ್ಯಾನರ್ ಹಿಡಿದು ಬಂದ. ಕಂಪ್ಯೂಟರಿನ ಗಾಜಿನ ಬಾಗಿಲು ತೆಗೆಸಿದ. "ಅಬ್ಬಾ, ಎಷ್ಟು ನಾಜೂಕಾಗಿ ಪೈಪ್ ಎಳೆದಿದಾರೆ!" ಎಂದು ಮೆಚ್ಚಿ, ತಜ್ಞರು ಬೇಡ ಬೇಡ ಅನ್ನುವಷ್ಟರಲ್ಲಿ ಪೈಪಿಗೆ ಕೈ ಹಾಕಿಯೇಬಿಟ್ಟ.

"ಏನ್ ಸಾರ್, ಬರೀ ಬೆಚ್ಚಗಿದೆ."

"ನಿನ್ನ ಕೈ ಚರ್ಮ ದಪ್ಪ. ನಿನಗೆ ಗೊತ್ತಾಗಲ್ಲ."

"ನೂರರ ಮೇಲಿದ್ರೆ ನೀರು ಆವಿ ಆಗ್ಬೇಕಲ್ವಾ ಸಾರ್?"

"ಅದು ನೀರಲ್ಲಪ್ಪ, ದ್ರವ!"

ಪ್ಲಂಬರಣ್ಣ ಪಂಪಿಗೆ ಕಿವಿ ಕೊಟ್ಟ. ಒಳಗೆ ಎಲ್ಲೋ ಗುಳುಗುಳು ಅಂದಿತು. ಅವನ ಮುಖ ಗಂಭೀರವಾಯಿತು. "ಗಾಳಿ ಸಿಕ್ಕಾಕೊಂಡಿದೆ. ಮೇಲಿನ ಟ್ಯಾಂಕಿನ ಪೈಪಲ್ಲೂ ಹೀಗೇ ಆಗೋದು. ತಲೆಕೆಳಗೆ ಮಾಡಿ ಅಲ್ಲಾಡಿಸ್ಬೇಕು."

ವಿದ್ಯುತ್ ತೆಗೆದರು. ಇಬ್ಬರೂ ಸೇರಿ ಕಂಪ್ಯೂಟರನ್ನು ಎತ್ತಿ, ತಲೆಕೆಳಗೆ ಮಾಡಿ, ಹಠಮಾರಿ ಮಗುವಿಗೆ ಔಷಧಿ ಕುಡಿಸುವವರಂತೆ ಹಿಡಿದು ಕುಲುಕಿದರು. ಒಳಗಿನಿಂದ ಒಂದು ಸ್ಕ್ರೂ ಉದುರಿತು. ಎಲ್ಲಿಯದೆಂದು ಇಬ್ಬರಿಗೂ ತಿಳಿಯಲಿಲ್ಲ. ತಜ್ಞರು ಅದನ್ನು ಜೇಬಿಗೆ ಹಾಕಿಕೊಂಡು, "ಎಕ್ಸ್‌ಟ್ರಾ ಕೊಟ್ಟಿರ್ತಾರೆ" ಅಂದರು.

ಆಮೇಲೆ ಅವರು ಪಂಪನ್ನೇ ಬಿಚ್ಚಿದರು. ಅದರ ತಳದಲ್ಲೂ ಪ್ರೊಸೆಸರಿನ ಬೆನ್ನ ಮೇಲೂ ಬೂದು ಬಣ್ಣದ ಅಂಟು ಬಳಿದುಕೊಂಡಿತ್ತು.

"ನೋಡಿದ್ರಾ ಅಕ್ಕಾ, ಕಂಪನಿಯವರ ಯೋಗ್ಯತೆ! ಇಷ್ಟು ಕೊಳೆ ಇಟ್ಕೊಂಡು ಬಿಸಿ ಆಗಬೇಡ ಅಂದ್ರೆ ಹೇಗೆ ಆಗದೆ ಇರತ್ತೆ?"

ಪ್ರೊಸೆಸರಿನ ಬಿಸಿಯನ್ನು ಪಂಪಿಗೆ ಮುಟ್ಟಿಸುವುದೇ ಆ ಅಂಟಿನ ಕೆಲಸ. ಅದನ್ನು ತಜ್ಞರು ತಮ್ಮ ಕರವಸ್ತ್ರದಿಂದ ಉಜ್ಜಿ ಉಜ್ಜಿ, ಕನ್ನಡಿಯ ಹಾಗೆ ಹೊಳೆಯುವಂತೆ ಒರೆಸಿದರು. ಅಷ್ಟು ಶ್ರದ್ಧೆಯಿಂದ ಅವರು ಆರು ವರ್ಷದಲ್ಲಿ ಒಂದು ನಕ್ಷೆಯನ್ನೂ ಬರೆದಿರಲಿಲ್ಲ.

"ಇನ್ನು ಗಾಳಿ ಬಿಡೋದೊಂದು ಬಾಕಿ" ಎಂದು ಪ್ಲಂಬರಣ್ಣ ಸ್ಪ್ಯಾನರನ್ನು ಪೈಪಿನ ಬುಡಕ್ಕೆ ಹಾಕಿ ತಿರುಗಿಸಿದ. ತಿರುಗಿಸಲೆಂದು ಮಾಡಿದ ಬುಡವಲ್ಲ ಅದು. ಲಟಕ್ ಎಂದು ಕಿತ್ತು ಬಂತು. ನೀಲಿ ದ್ರವ ತಜ್ಞರ ಹೊಸ ಅಂಗಿಗೆ ಹಾರಿ, ಉಳಿದದ್ದು ಮೇಜಿನ ಮೇಲೆ ಬಿಡಿಸಿಟ್ಟಿದ್ದ ಶಾಲೆಯ ನಕ್ಷೆಯ ಮೇಲೆ ಹರಿಯಿತು. ನಾಲ್ಕು ತರಗತಿ ಮತ್ತು ಆಟದ ಮೈದಾನ ಮುಳುಗಿಹೋದವು.

"ಗಾಳಿ ಹೋಯ್ತು ಸಾರ್" ಅಂದ ಪ್ಲಂಬರಣ್ಣ. ನಲ್ಲಿ ಕೆಲಸ ನೆನಪಾಗಿ ಕೆಳಗೆ ಹೋದವನು ಮತ್ತೆ ಮೇಲೆ ಬರಲಿಲ್ಲ.

ತಜ್ಞರು ಎಲ್ಲವನ್ನೂ ಒರೆಸಿ, ಫ್ಯಾನಿನ ಕೆಳಗೆ ಒಣಗಿಸಿ, ಪೈಪಿಗೆ ಟೇಪು ಸುತ್ತಿ, ಮೂರೂವರೆಗೆ ಸ್ವಿಚ್ ಹಾಕಿದರು. ಒಳಗೆ ಒಂದು ತೊಟ್ಟು ದ್ರವವಿಲ್ಲ, ಒಂದು ಚೂರು ಅಂಟಿಲ್ಲ. ಸಂಖ್ಯೆ ಏರತೊಡಗಿತು. ನೂರ ಐವತ್ತು. ನೂರ ಎಂಬತ್ತು. ಇನ್ನೂರ ಹತ್ತು. ಅಲ್ಲಿಗೆ ಬಂದು ಟಪ್ ಎಂದು ಎಲ್ಲ ಕಪ್ಪಾಯಿತು. ಮತ್ತೆ ಎಷ್ಟು ಸಲ ಒತ್ತಿದರೂ ಅದೇ ಹಾಡು.

"ನಾನು ಬೆಳಿಗ್ಗೆಯೇ ಬಡ್ಕೊಂಡೆ, ಬಿಸಿ ಇದೆ ಅಂತ!" ಅಂದರು ತಜ್ಞರು. ಒಂದು ಕ್ಷಣ ಅವರಿಗೆ ನಿಜಕ್ಕೂ ಖುಷಿಯಾಗಿತ್ತು.

ಯಜಮಾನರೂ ಮುಖ್ಯೋಪಾಧ್ಯಾಯಿನಿಯೂ ಒಟ್ಟಿಗೇ ಬಂದರು. ವಿಡಿಯೊ ಇಲ್ಲ, ನಕ್ಷೆ ನೀಲಿ. ಆ ತಾಯಿ ಮುಳುಗಿದ ಶಾಲೆಯನ್ನು ಕನ್ನಡಕ ಏರಿಸಿ ನೋಡಿ, "ಮುಂದಿನ ವಾರ ಬರ್ತೀನಿ. ಆಗಲೂ ಹೀಗೇ ಇದ್ರೆ ಬೇರೆ ಇಂಜಿನಿಯರ್ ನೋಡ್ಕೋತೀನಿ" ಎಂದು ಎದ್ದು ಹೋದರು.

"ಏನ್ರೀ ತಜ್ಞರೇ ಇದು?" ಯಜಮಾನರು ಗುಡುಗಿದರು.

"ಸರ್, ನನ್ನದೇನೂ ಇಲ್ಲ. ಬೆಳಿಗ್ಗೆ ನೋಡಿದಾಗಲೇ ನೂರ ಹದಿನೆಂಟು ಡಿಗ್ರಿ ಇತ್ತು. ಉಳಿಸೋಕೆ ಎಷ್ಟೋ ಹೆಣಗಾಡಿದೆ."

"ನೂರ ಹದಿನೆಂಟು? ನೋಡಿದವರು ಯಾರು?"

"ನಾನೂ ನೋಡಿದೆ ಸರ್." ಟೈಪಿಸ್ಟ್ ಅಕ್ಕ ಎದ್ದು ನಿಂತರು. ಪಾಪದವರೊಬ್ಬರು ಬೈಸಿಕೊಳ್ಳುವುದು ಅವರಿಂದ ನೋಡಲಾಗುತ್ತಿರಲಿಲ್ಲ. "ತಜ್ಞರು ಪ್ಲಂಬರಣ್ಣನ್ನ ಕರೆಯೋಕೆ ಹೋಗಿದ್ರಲ್ಲ, ಆಗ ನನ್ನ ಹೊಸ ಥರ್ಮಾಮೀಟರ್ ಸರಿಯಿದೆಯಾ ನೋಡೋಣ ಅಂತ ಹಿಂದುಗಡೆ ಸಂದಿಯಿಂದ ಕೈ ಹಾಕಿ ಆ ಪೈಪಿಗೆ ಒತ್ತಿ ಹಿಡಿದೆ. ನೂರ ಒಂದು ತೋರಿಸ್ತು. ಒಳಗೆ ಇನ್ನೂ ಜಾಸ್ತಿ ಇರಬೇಕಲ್ವಾ? ತಜ್ಞರು ಹೇಳಿದ್ದು ಸುಳ್ಳಲ್ಲ ಸರ್."

"ಕೈ ಸುಡಲಿಲ್ವೇನಮ್ಮಾ?"

"ಇಲ್ಲ ಸರ್. ನಮ್ಮ ಹುಡುಗಿ ಹಣೆ ಮುಟ್ಟಿದ ಹಾಗೇ ಇತ್ತು."

ತಜ್ಞರು ಮನಸ್ಸಿನಲ್ಲೇ ಲೆಕ್ಕ ಹಾಕತೊಡಗಿದರು. ಮಗುವಿನ ಹಣೆ. ಜ್ವರದ ಥರ್ಮಾಮೀಟರು. ಜ್ವರ ಅಳೆಯುವುದು ಫ್ಯಾರನ್‌ಹೀಟ್‌ನಲ್ಲಿ. ಅದರಲ್ಲಿ ನೀರು ಕುದಿಯಬೇಕಾದರೆ ಇನ್ನೂರ ಹನ್ನೆರಡು ಆಗಬೇಕು. ಹಿಂದಿನ ದಿನ ಸಾಫ್ಟ್‌ವೇರ್ ಹಾಕಿಕೊಳ್ಳುವಾಗ ಅದು ಯಾವ ಅಳತೆ ಬೇಕೆಂದು ಕೇಳಿದ್ದು ಈಗ ನೆನಪಾಯಿತು. ಓದದೆ ಹೂಂ, ಹೂಂ, ಹೂಂ ಎಂದು ಒತ್ತುತ್ತ ಹೋಗಿದ್ದರು. ಅವರು ನೂರ ಹದಿನೆಂಟು ಎಂದು ಬೊಬ್ಬೆ ಹೊಡೆದದ್ದು ಸೆಲ್ಸಿಯಸ್ಸಿನಲ್ಲಿ ಬರೀ ನಲವತ್ತೆಂಟು. ಬೆಳಿಗ್ಗೆ ಆ ಮಿಷನ್ನು ಗುಂಡುಕಲ್ಲಿನ ಹಾಗಿತ್ತು. ನಿಜವಾಗಿ ಬಿಸಿಯಾದದ್ದು ಇವರು ರಿಪೇರಿ ಮಾಡಿದ ಮೇಲೆ.

ಜೇಬಿನೊಳಗಿನ ಸ್ಕ್ರೂವನ್ನು ತಜ್ಞರು ಬೆರಳಿನಿಂದ ಇನ್ನೂ ಆಳಕ್ಕೆ ತಳ್ಳಿದರು.

"ಎರಡೆರಡು ಕಡೆ ನೋಡಿದ್ರೂ ನೂರರ ಮೇಲೆ!" ಯಜಮಾನರ ಕೋಪ ಇಳಿದು, ಮುಖದಲ್ಲಿ ಪಶ್ಚಾತ್ತಾಪ ಕಾಣಿಸಿಕೊಂಡಿತು. "ತಪ್ಪು ನಿಮ್ಮದಲ್ಲ ತಜ್ಞರೇ, ನನ್ನದು. ಇಷ್ಟು ಬಿಸಿ ಆಗೋ ಮಿಷನ್ನನ್ನ ಈ ಬಿಸಿಲಲ್ಲಿ ಇಟ್ಟಿದ್ದೇ ತಪ್ಪು. ಅಂಗಡಿಯವನು ನಾಳೆ ಬಂದು ಸರಿ ಮಾಡ್ಲಿ. ಇವತ್ತಿಂದ ಇದು ಏಸಿ ರೂಮಲ್ಲೇ ಇರತ್ತೆ."

ತಜ್ಞರಿಗೆ ಹೋದ ಜೀವ ಬಂದಂತಾಯಿತು. "ಹಾಗೇ ಆಗ್ಲಿ ಸರ್. ನನ್ನ ಕುರ್ಚೀನೂ ಈಗಲೇ ಒಳಗೆ ಎಳ್ಕೊಂಡು..."

"ನೀವು ಹೊರಗೇ ಇರಿ. ಪರದೆಗೆ ಉದ್ದ ವೈರು ಎಳೆಸ್ತೀನಿ. ಪುಟ್ಟ ರೂಮದು, ಜನ ಕೂತ್ರೆ ಬಿಸಿ ಏರತ್ತೆ."

"ಒಬ್ಬನೇ ಅಲ್ವಾ ಸರ್..."

"ಒಬ್ಬರಾದ್ರೇನು, ಮನುಷ್ಯರ ಮೈ ಬಿಸೀನೇ ತೊಂಬತ್ತೆಂಟು ಇರತ್ತೆ" ಅಂದರು ಟೈಪಿಸ್ಟ್ ಅಕ್ಕ, ನೆರವಾಗುವ ಉತ್ಸಾಹದಲ್ಲಿ.

"ಕೇಳಿದ್ರಾ? ಮಿಷನ್ನಿಂದು ನೂರ ಹದಿನೆಂಟು. ಅದರ ಮೇಲೆ ನಿಮ್ಮದೊಂದು ತೊಂಬತ್ತೆಂಟು ಬೇರೆ ಸೇರಿಸ್ಬೇಕಾ?"

ಆ ಲೆಕ್ಕ ತಪ್ಪೆಂದು ಹೇಳಬಲ್ಲವರು ಆ ಹಾಲಿನಲ್ಲಿ ತಜ್ಞರೊಬ್ಬರೇ. ಅವರು ನಕ್ಕಂತೆ ಮಾಡಿ ತಲೆಯಾಡಿಸಿದರು.

ಸತ್ತ ಕಂಪ್ಯೂಟರನ್ನು ತಜ್ಞರೇ ತಬ್ಬಿಕೊಂಡು ಹೋಗಿ ಕೋಣೆಯಲ್ಲಿಟ್ಟರು. "ಪಾಪ, ಸ್ವಲ್ಪ ರೆಸ್ಟ್ ತಗೊಳ್ಲಿ" ಎಂದು ಯಜಮಾನರು ಅದಕ್ಕೆ ಏಸಿ ಹಾಕಿದರು. ಹೊರಗೆ ಬಂದು ಒಂದು ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದರು: "ಯಾರೂ ಒಳಗೆ ಹೋಗಬಾರದು." ತೂಗುಹಾಕುವುದೆಲ್ಲಿ ಎಂದು ಬಾಗಿಲನ್ನು ಹುಡುಕಿ, "ಅರೆ, ಇಲ್ಲಿ ಮೊಳೆ ಇದೆಯಲ್ಲ! ಸರಿಯಾದ ಜಾಗದಲ್ಲಿ ಹೊಡೆದಿದಾರೆ" ಎಂದು ಸಂತೋಷಪಟ್ಟರು.

ತಜ್ಞರು ಬಂದು ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತರು. ಇಳಿಬಿಸಿಲು ಒಂದೇ ಕೆನ್ನೆಗೆ ಹೊಡೆಯುತ್ತಿತ್ತು. ಅವರ ಕೆಂಪೇರಿದ ಮುಖ ಕಂಡು ಟೈಪಿಸ್ಟ್ ಅಕ್ಕನಿಗೆ ತಡೆಯಲಾಗಲಿಲ್ಲ. ಥರ್ಮಾಮೀಟರ್ ತೊಳೆದು ತಂದು, "ಆ ಅನ್ನಿ ತಜ್ಞರೇ" ಎಂದು ಅವರ ನಾಲಿಗೆಯ ಕೆಳಗೆ ಇಟ್ಟರು. ಅದು ಕುಂಯ್ ಅನ್ನುವವರೆಗೆ ತಜ್ಞರು ಬಾಯಿ ಮುಚ್ಚಿಕೊಂಡೇ ಇರಬೇಕಾಯಿತು.

"ತೊಂಬತ್ತೆಂಟೂವರೆ" ಎಂದು ಓದಿದರು ಟೈಪಿಸ್ಟ್ ಅಕ್ಕ. "ಏನೂ ಆಗಿಲ್ಲ ಬಿಡಿ. ಸುಮ್ಮನೆ ಗಾಬರಿ ಬಿದ್ದಿದೀರ."