ಕೆನೆ ಬಣ್ಣದ ಕಾರು, ಅಂಗೈ ಅಗಲದ ಮೇಣ

ಸಾವಿರದ ಒಂಬೈನೂರ ಅರವತ್ತೆರಡನೆಯ ಇಸವಿಯ ಜೂನ್ ತಿಂಗಳಲ್ಲಿ ಯಲಹಂಕದ ಕೆರೆ ಏರಿ ತಪಾಸಣಾ ಕಚೇರಿಗೆ ಒಂದು ಹೊಸ ಕಾರು ಬಂದಿತು. ಅದರ ಬಣ್ಣ ಕೆನೆ. ಇದನ್ನು ಆಗ ಯಾರೂ ಅಲ್ಲಗಳೆದಿರಲಿಲ್ಲ. ವಾಹನಗಳ ರಿಜಿಸ್ಟರಿನ ಏಳನೆಯ ಕಾಲಮಿನಲ್ಲಿ ಹೆಡ್ ಗುಮಾಸ್ತ ಲಕ್ಕಣ್ಣನವರು ‘ಕೆನೆ’ ಎಂದು ಸ್ವಹಸ್ತದಿಂದ ಬರೆದು, ಶಾಯಿ ಒಣಗುವ ತನಕ ಊದಿ, ಅಧಿಕಾರಿಗಳ ಸಹಿ ಪಡೆದಿದ್ದರು. ಹಳೆಯ ಕಪ್ಪು ಜೀಪು ಕೆರೆಯ ಏರಿಯನ್ನು ಹತ್ತುತ್ತಿತ್ತು. ಹೊಸ ಕಾರು ಹತ್ತುವುದಿಲ್ಲವಾದ್ದರಿಂದ ಏರಿಗಳನ್ನು ಕೆಳಗಿನ ರಸ್ತೆಯಿಂದಲೇ ನೋಡಿ ‘ಸುಭದ್ರ’ ಎಂದು ಬರೆಯುವ ಪದ್ಧತಿ ಜಾರಿಗೆ ಬಂತು. ಆಡಳಿತ ಅಷ್ಟರಮಟ್ಟಿಗೆ ಚುರುಕಾಯಿತು.

ಕಾರಿನ ಡ್ರೈವರ್ ಖಾದರ್ ಬಾಷಾ. ಹನ್ನೊಂದು ವರ್ಷಗಳಿಂದ ಹಂಗಾಮಿ. ಬರುವ ಜನವರಿಗೆ ಅವನಿಗೆ ಐವತ್ತು ತುಂಬುತ್ತಿತ್ತು. ಐವತ್ತು ತುಂಬಿದ ಹಂಗಾಮಿಯನ್ನು ಖಾಯಂ ಮಾಡುವಂತಿಲ್ಲ. ಖಾಯಂ ಆಗದವನಿಗೆ ಪೆನ್ಷನ್ ಇಲ್ಲ. ಖಾಯಂ ಆಗುವುದಕ್ಕಿದ್ದ ಷರತ್ತು ಒಂದೇ. ನಿಯಮ ಹದಿನಾಲ್ಕರ ಪ್ರಕಾರ, ಡಿಸೆಂಬರ್ ತಿಂಗಳ ತಪಾಸಣೆಯಲ್ಲಿ ಚಾಲಕನ ವಾಹನದ ಬಣ್ಣ ರಿಜಿಸ್ಟರಿನಲ್ಲಿ ನಮೂದಾದ ಬಣ್ಣಕ್ಕೆ ತಾಳೆಯಾಗತಕ್ಕದ್ದು. ಅವನಿಗೆ ವಾಹನ ಓಡಿಸಲು ಬರಬೇಕೆಂದು ನಿಯಮದಲ್ಲಿ ಎಲ್ಲಿಯೂ ಹೇಳಿರಲಿಲ್ಲ.

ಖಾದರ್ ಬಾಷಾನ ಎದೆಯಲ್ಲಿ ಭಯವಿದ್ದದ್ದು ಅಕ್ಟೋಬರಿನ ಆಯುಧ ಪೂಜೆಯದು. ಪೂಜೆಯ ಮೇಲೆ ಅವನಿಗೆ ಯಾವ ತಕರಾರೂ ಇರಲಿಲ್ಲ. ಪ್ರತಿವರ್ಷ ಚಕ್ರಕ್ಕೆ ನಿಂಬೆಹಣ್ಣು ಇಡುತ್ತಿದ್ದವನು ಅವನೇ, ಕುಂಬಳಕಾಯಿ ಆರಿಸಿ ತರುತ್ತಿದ್ದವನೂ ಅವನೇ. ಆದರೆ ಕಪ್ಪು ಜೀಪಿನ ಮೇಲೆ ಅರಿಶಿನ ಕುಂಕುಮ ಎಷ್ಟು ಮೆತ್ತಿದರೂ ಮಾರನೆಯ ದಿನಕ್ಕೆ ಗೊತ್ತಾಗುತ್ತಿರಲಿಲ್ಲ. ಕೆನೆ ಬಣ್ಣದ ಗತಿ ಏನು? ಕೇಳೋಣವೆಂದು ಯಶವಂತಪುರದಲ್ಲಿ ಕಾರುಗಳಿಗೆ ಬಣ್ಣ ಹೊಡೆಯುವ ಮಂಜೂರನ ಹತ್ತಿರ ಹೋದ.

ಮಂಜೂರ್ ಬಾನೆಟ್ಟಿನ ಮೇಲೆ ಬೆರಳಾಡಿಸಿ ಹೇಳಿದ: “ಭಾಯ್, ತೆಳು ಬಣ್ಣ ಅಂದ್ರೆ ಬಿಳೀ ಪಂಚೆ ಇದ್ದಂಗೆ. ಏನ್ ಚೆಲ್ಲಿದ್ರೂ ಕುಡ್ಕೊಂಡ್ಬಿಡುತ್ತೆ. ಹಳದಿ ಮೇಣ ಹಚ್ಬೇಡಿ, ಮೂರು ತಿಂಗ್ಳಿಗೆ ಕಾರಿಗೆ ಕಾಮಾಲೆ ಬಂದಂಗೆ ಕಾಣುತ್ತೆ. ಉಜ್ಜೋ ಪಾಲಿಶಂತೂ ಬೇಡ್ವೇ ಬೇಡ, ಬಣ್ಣಾನೇ ಕಿತ್ಕೊಂಡ್ ಬರುತ್ತೆ. ಬಿಳೀ ಮೇಣ ತಗೊಳ್ಳಿ. ನೆರಳಲ್ಲಿ ನಿಲ್ಸಿ, ತೆಳ್ಳಗೆ ಎರಡು ಸಲ ಹಚ್ಚಿ. ಆಮೇಲೆ ಕುಂಕುಮ ಏನು, ಹೋಳಿ ಆಡಿದ್ರೂ ಒದ್ದೆ ಬಟ್ಟೇಲಿ ಒರೆಸಿದ್ರೆ ಹೋಗುತ್ತೆ.”

ಮಾರನೆಯ ದಿನ ಖಾದರ್ ಬಾಷಾ ಲಕ್ಕಣ್ಣನವರ ಮೇಜಿನ ಮುಂದೆ ನಿಂತ. ಬಿಳಿ ಮೇಣ ಒಂದು ಡಬ್ಬಿ ಬೇಕು, ಕಚೇರಿಗೆ ತೊಂದರೆಯಾದರೆ ತನ್ನ ದುಡ್ಡಿನಿಂದಲೇ ತರುತ್ತೇನೆ ಎಂದ.

“ಸರ್ಕಾರಿ ಕಾರಿಗೆ ಖಾಸಗಿ ಮೇಣವೇ?” ಲಕ್ಕಣ್ಣನವರು ಕನ್ನಡಕ ತೆಗೆದರು. “ಅದು ವಾಹನದ ಸ್ವರೂಪ ಬದಲಾಯಿಸಿದ ಅಪರಾಧ ಆಗುತ್ತೆ ಕಣಯ್ಯಾ. ಅಲ್ಲದೆ ಉಗ್ರಾಣದಲ್ಲಿ ಮೇಣ ಇದೆಯಲ್ಲ, ಹನ್ನೆರಡು ಡಜನ್.”

“ಅದು ಮೇಣದ ಬತ್ತಿ ಸಾರ್. ಕರೆಂಟ್ ಹೋದ್ರೆ ಹಚ್ಚೋಕೆ ತಂದಿರೋದು.”

“ಮೇಣವೋ ಅಲ್ವೋ? ದಾಸ್ತಾನಿರೋ ವಸ್ತು ಮುಗಿಯೋವರೆಗೂ ಅದೇ ವಸ್ತು ಕೊಳ್ಳೋ ಹಾಗಿಲ್ಲ. ಮುಗೀಲಿ, ನೋಡೋಣ.”

ದುರದೃಷ್ಟವಶಾತ್ ಆ ಮಳೆಗಾಲದಲ್ಲಿ ಯಲಹಂಕದಲ್ಲಿ ಕರೆಂಟು ಒಮ್ಮೆಯೂ ಹೋಗಲಿಲ್ಲ. ಖಾದರ್ ಬಾಷಾ ಮೂರು ವಾರ ಬಲ್ಬನ್ನೇ ನೋಡುತ್ತಾ ಕಳೆದ. ಕೊನೆಗೆ ಅವನ ಗೋಳು ನೋಡಲಾರದೆ, ವಿಶೇಷ ತಪಾಸಣಾಧಿಕಾರಿ ಚಿಕ್ಕಬೈರಪ್ಪನವರು ಒಂದು ಪ್ರಕಟಣೆ ಹೊರಡಿಸಿದರು:

“ಕಚೇರಿಯಲ್ಲಿರುವ ಮೇಣದ ದಾಸ್ತಾನನ್ನು ಕಾಲಮಿತಿಯೊಳಗೆ ವಿಲೇವಾರಿ ಮಾಡುವ ಸಲುವಾಗಿ ಪ್ರತಿದಿನ ಬೆಳಗ್ಗೆ ಹನ್ನೊಂದರಿಂದ ಒಂದು ಗಂಟೆಯವರೆಗೆ ಕಚೇರಿಯಲ್ಲಿ ಕತ್ತಲೆ ಇರತಕ್ಕದ್ದು. ಕಿಟಕಿಗಳನ್ನು ಮುಚ್ಚತಕ್ಕದ್ದು. ಸೂರ್ಯನ ಬೆಳಕಿನಲ್ಲಿ ಕೆಲಸ ಮಾಡುತ್ತಿರುವುದು ಕಂಡುಬಂದಲ್ಲಿ ಶಿಸ್ತಿನ ಕ್ರಮ ಜರುಗಿಸಲಾಗುವುದು.”

ಸಿಬ್ಬಂದಿ ಸಹಕರಿಸಿತು. ಬ್ಯಾಟರಾಯನಪುರದಿಂದ ಅರ್ಜಿ ಹಿಡಿದು ಬಂದ ರೈತರು ಮಟಮಟ ಮಧ್ಯಾಹ್ನ ಮೇಣದ ಬತ್ತಿಯ ಬೆಳಕಿನಲ್ಲಿ ಹೆಬ್ಬೆಟ್ಟು ಒತ್ತಿ, ಹೊರಗೆ ಬಂದು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಹೋದರು. ಯಾರೂ ಕಾರಣ ಕೇಳಲಿಲ್ಲ. ಸರ್ಕಾರಿ ಕಚೇರಿಯಲ್ಲಿ ಕತ್ತಲೆಗೆ ಕಾರಣ ಕೇಳುವ ಅಭ್ಯಾಸ ಆ ಭಾಗದಲ್ಲಿ ಇರಲಿಲ್ಲ.

ಸೆಪ್ಟೆಂಬರ್ ಮೊದಲ ವಾರದಲ್ಲಿ ಕೊನೆಯ ಬತ್ತಿ ಉರಿದು ಮುಗಿಯಿತು. ಕೂಡಲೇ ಮೇಣ ಆಯ್ಕೆ ಸಮಿತಿ ರಚನೆಯಾಯಿತು. ಚಿಕ್ಕಬೈರಪ್ಪನವರು ಅಧ್ಯಕ್ಷರು, ಲಕ್ಕಣ್ಣನವರು ಸದಸ್ಯರು, ಸದಸ್ಯರು ಸಭೆಗೆ ಬಾರದಿದ್ದರೆ ನೋಟೀಸು ಕೊಡಲು ಲಕ್ಕಣ್ಣನವರೇ ಕಾರ್ಯದರ್ಶಿಗಳು. ಸಮಿತಿಯ ಮುಂದೆ ಬಿಳಿ ಮೇಣದ ಡಬ್ಬಿ ಬಂದಾಗ ಖಾದರ್ ಬಾಷಾನ ಮುಖ ಅರಳಿತು. ಹಳೆಯ ಮಲ್ ಪಂಚೆ ಹರಿದು, ಒಗೆದು, ಒಣಗಿಸಿ ಅವನು ಅಷ್ಟರಲ್ಲಾಗಲೇ ಸಿದ್ಧ ಮಾಡಿಟ್ಟುಕೊಂಡಿದ್ದ.

“ನಿಲ್ಲು ನಿಲ್ಲು,” ಎಂದರು ಚಿಕ್ಕಬೈರಪ್ಪನವರು. “ಪರೀಕ್ಷೆ ಮಾಡದೆ ಕಾರಿಗೆ ಮುಟ್ಟಿಸೋದಾ? ಬಣ್ಣ ಕೆಟ್ರೆ ಯಾರು ಜವಾಬ್ದಾರಿ?”

“ಒಂದು ಮೂಲೇಲಿ ಹಚ್ಚಿ ನೋಡಾಣ ಸಾರ್.”

“ಮೂಲೆಯೂ ಕಾರೇ.”

ಕಚೇರಿಯ ಗೋಡೆಯೂ ಕೆನೆ ಬಣ್ಣದ್ದಾಗಿತ್ತು. ಪರೀಕ್ಷೆ ಗೋಡೆಯ ಮೇಲೆ ನಡೆಯಿತು. ಒಂದು ಮೊಳಕ್ಕೆ ಹಚ್ಚಿದ ಮೇಣ ಸಮಾಧಾನಕರವೆನಿಸಿತಾದರೂ ಒಂದು ಮೊಳವನ್ನು ನಂಬಿ ತೀರ್ಮಾನಕ್ಕೆ ಬರುವುದು ದುಡುಕಾಗುತ್ತದೆಂದು ಸಮಿತಿ ಅಭಿಪ್ರಾಯಪಟ್ಟು, ಉತ್ತರದ ಗೋಡೆಯನ್ನು ಪೂರ್ತಿ ಹಚ್ಚಿಸಿತು. ಹಚ್ಚಿದವನು ಖಾದರ್ ಬಾಷಾ. ಗೋಡೆ ಫಳಫಳ ಹೊಳೆಯಿತು. ಅದರ ಮೇಲೆ ಕುಂಕುಮ ಚಿಮುಕಿಸಿ, ಒದ್ದೆ ಬಟ್ಟೆಯಿಂದ ಒರೆಸಿದಾಗ ಒಂದು ಕಲೆಯೂ ಉಳಿಯಲಿಲ್ಲ. ಮೇಣವು ಅತ್ಯುತ್ತಮವೆಂದು ಸಮಿತಿ ಒಮ್ಮತದಿಂದ ವರದಿ ಬರೆದಾಗ ಡಬ್ಬಿಯ ತಳ ಕಾಣುತ್ತಿತ್ತು. ಮುಂದಿನ ಡಬ್ಬಿಯ ಕಡತ ಮೇಲಿನ ಕಚೇರಿಗೆ ಹೋಯಿತು. ಆಯುಧ ಪೂಜೆ ಕಡತಕ್ಕಿಂತ ಮುಂಚೆ ಬಂತು.

ಪೂಜೆಯ ದಿನ ಖಾದರ್ ಬಾಷಾ ಚಿಕ್ಕಬೈರಪ್ಪನವರ ಪಕ್ಕಕ್ಕೆ ಹೋಗಿ, ಮೆಲ್ಲಗೆ, “ಸಾರ್, ಕುಂಕುಮ ನಂಬರ್ ಪ್ಲೇಟ್ ಮೇಲಿಟ್ರೆ ಸಾಕು ಸಾರ್. ನನ್ನ ಪೆನ್ಷನ್ ವಿಷ್ಯ,” ಎಂದು ಬೇಡಿಕೊಂಡ.

ಚಿಕ್ಕಬೈರಪ್ಪನವರು ಬಾಗಲಗುಂಟೆಯ ದೊಡ್ಡ ಬೇಸಾಯದ ಮನೆಯವರು. ಅವರ ಮನೆಯಲ್ಲಿ ಹೊಸ ಎತ್ತು ತಂದರೆ ಅದರ ಬೆನ್ನಿಗೆ ಮನೆಯ ಯಜಮಾನ ಅಂಗೈ ಮುದ್ರೆ ಒತ್ತುವುದು ತಲೆಮಾರುಗಳ ಪದ್ಧತಿ. “ಹೊಸ ಕಾರು ಕಣೋ, ಬರೀ ಬೊಟ್ಟಿಟ್ರೆ ಆಗುತ್ತಾ?” ಎಂದು ಅವರು ಬಲಗೈಯನ್ನು ಕಲಸಿದ ಅರಿಶಿನ ಕುಂಕುಮದಲ್ಲಿ ಮಣಿಕಟ್ಟಿನವರೆಗೆ ಅದ್ದಿ, ಬಾನೆಟ್ಟಿನ ನಟ್ಟನಡುವೆ ಫಟ್ಟೆಂದು ಬಡಿದರು. ಎಲ್ಲರೂ ಚಪ್ಪಾಳೆ ತಟ್ಟಿದರು. ಖಾದರ್ ಬಾಷಾನೂ ತಟ್ಟಿದ. ತಟ್ಟಿದ ಕೈಯಲ್ಲೇ ಒದ್ದೆ ಬಟ್ಟೆ ಎತ್ತಿಕೊಂಡ.

ಒರೆಸಲು ಹೋದರೆ ಲಕ್ಕಣ್ಣನವರು ತಡೆದರು. ದೇವರ ಗುರುತನ್ನು ಇಟ್ಟವರ ಲಿಖಿತ ಅನುಮತಿ ಬೇಕು. ಇಟ್ಟವರು ಹತ್ತು ದಿನ ರಜೆಯ ಮೇಲೆ ಬಾಗಲಗುಂಟೆಗೆ ಹೋಗಿದ್ದರು. ಹತ್ತು ದಿನವೂ ಒಳ್ಳೆಯ ಬಿಸಿಲಿತ್ತು. ಅನುಮತಿ ಬಂದಾಗ ಅಂಗೈ ಬಾನೆಟ್ಟಿನೊಳಗೆ ಇಳಿದು ಕೂತಿತ್ತು. ಸೋಪು, ಸೀಗೆಪುಡಿ, ಸೀಮೆಎಣ್ಣೆ, ಯಾವುದಕ್ಕೂ ಜಗ್ಗಲಿಲ್ಲ. ಐದೂ ಬೆರಳು, ಉಂಗುರದ ಗುರುತು ಸಮೇತ. ಮಂಜೂರ್ ಬಂದು ನೋಡಿ, ಉಜ್ಜಿದರೆ ಬಣ್ಣವೂ ಬರುತ್ತದೆ, ಬಿಟ್ಟರೆ ಕಲೆಯೂ ಇರುತ್ತದೆ ಎಂದು ಹೇಳಿ ಕೈ ಚೆಲ್ಲಿದ.

ಆ ಸಂಜೆ ಮನೆಯಲ್ಲಿ ಖಾದರ್ ಬಾಷಾನ ಹೆಂಡತಿ ಸುಗ್ರಾ ಎಲ್ಲ ಕೇಳಿ, “ಹನ್ನೊಂದು ವರ್ಷ ಒಂದು ಗೀರು ಬೀಳದಂಗೆ ಓಡಿಸಿದ್ರಲ್ಲ, ಅದು ಎಲ್ಲೂ ಬರ್ಕೊಂಡಿಲ್ವಾ?” ಎಂದಳು.

“ಅದಕ್ಕೆ ಕಾಲಮ್ಮಿಲ್ಲ,” ಎಂದ ಖಾದರ್ ಬಾಷಾ. ಆ ರಾತ್ರಿ ಅವನು ಊಟ ಮಾಡಲಿಲ್ಲ.

ಡಿಸೆಂಬರಿನಲ್ಲಿ ಮೇಲಿನ ಕಚೇರಿಯಿಂದ ತಪಾಸಕರು ಬರುವ ಹಿಂದಿನ ದಿನ ಲಕ್ಕಣ್ಣನವರಿಗೆ ಇನ್ನೊಂದು ನಿಯಮ ನೆನಪಾಯಿತು: ಸರ್ಕಾರಿ ವಾಹನದ ಬಣ್ಣ ಕೆಡಿಸಿದವರು ಯಾರೇ ಆಗಿರಲಿ, ಅವರ ಬಡ್ತಿ ತಡೆಹಿಡಿಯತಕ್ಕದ್ದು. ಕೆಡಿಸಿದವರ ಕೈ ಯಾವುದೆಂದು ಕಾರಿನ ಮೇಲೆಯೇ ಅಚ್ಚಾಗಿತ್ತು. ಚಿಕ್ಕಬೈರಪ್ಪನವರು ಅರ್ಧ ಗಂಟೆ ಯೋಚಿಸಿ ರಿಜಿಸ್ಟರು ತರಿಸಿದರು. ಏಳನೆಯ ಕಾಲಮಿನಲ್ಲಿ ‘ಕೆನೆ’ ಎಂಬುದರ ಮುಂದೆ ಸ್ವಲ್ಪ ಜಾಗವಿತ್ತು. ಲಕ್ಕಣ್ಣನವರು ಅದೇ ಶಾಯಿಯಲ್ಲಿ, ‘ಬಾನೆಟ್ಟಿನ ಮೇಲೆ ಕೆಂಪು ಅಂಗೈ ಸಹಿತ’ ಎಂದು ಬರೆದು, ಒಣಗುವ ತನಕ ಊದಿದರು.

ತಪಾಸಕರು ಕಾರನ್ನೂ ರಿಜಿಸ್ಟರನ್ನೂ ನೋಡಿದರು. “ಈ ಕೈ ಯಾರದು?”

“ಕಾರ್ಖಾನೆಯದು,” ಎಂದರು ಚಿಕ್ಕಬೈರಪ್ಪನವರು. ಅವರ ಬಲಗೈ ಬೆಳಗಿನಿಂದ ಕೋಟಿನ ಜೇಬಿನಲ್ಲೇ ಇತ್ತು. ನಮಸ್ಕಾರವನ್ನು ಸಹ ಎಡಗೈಯಲ್ಲಿ ಮುಗಿಸಿದ್ದರು.

ತಪಾಸಕರು ಡ್ರೈವರ್ ಕಡೆ ತಿರುಗಿದರು. “ಕಾರು ಬಂದ ದಿನ ಇದು ಇತ್ತೇನಪ್ಪಾ?”

ಖಾದರ್ ಬಾಷಾ ಆ ಕೆಂಪು ಬೆರಳುಗಳನ್ನು ನೋಡಿದ. ಹನ್ನೊಂದು ವರ್ಷದಲ್ಲಿ ಅವನು ವಾಹನದ ವಿಷಯದಲ್ಲಿ ಒಂದು ಸುಳ್ಳನ್ನೂ ಹೇಳಿರಲಿಲ್ಲ, ಒಂದು ಚಮಚ ಪೆಟ್ರೋಲಿನದು ಕೂಡ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

“ಇತ್ತು ಸಾರ್,” ಎಂದ. “ನಾನೇ ಇಳಿಸ್ಕೊಂಡಿದ್ದು.”

ಬಣ್ಣ ತಾಳೆಯಾಯಿತು. ಜನವರಿಗೆ ಎಂಟು ದಿನ ಇರುವಾಗ ಖಾದರ್ ಬಾಷಾ ಖಾಯಂ ಆದ. ಸುಗ್ರಾ ಬೀದಿಗೆಲ್ಲಾ ಸಕ್ಕರೆ ಹಂಚಿದಳು.

ಮಾರ್ಚಿನ ಬಿಸಿಲಿಗೆ ಅಂಗೈ ಮಾಸತೊಡಗಿದಾಗ ಕಚೇರಿಯಲ್ಲಿ ಗಾಬರಿ ಹುಟ್ಟಿತು. ಅಂಗೈ ಹೋದರೆ ಕಾರು ಬರೀ ಕೆನೆಯಾಗುತ್ತದೆ. ಬರೀ ಕೆನೆ ರಿಜಿಸ್ಟರಿಗೆ ತಾಳೆಯಾಗುವುದಿಲ್ಲ. ಎರಡನೆಯ ಡಬ್ಬಿಯ ಕಡತ ಒಂದೇ ಮಧ್ಯಾಹ್ನದಲ್ಲಿ ಹನ್ನೆರಡು ಡಬ್ಬಿಗೆ ಮಂಜೂರಾಗಿ ಬಂತು. ಸಮಿತಿ ಸೇರಲಿಲ್ಲ, ಗೋಡೆಗೆ ಹಚ್ಚಲಿಲ್ಲ. ಅಂಗೈಯ ಮೇಲೆ ಮಾತ್ರ ಹಚ್ಚತಕ್ಕದ್ದೆಂದೂ, ಉಳಿದ ಭಾಗಕ್ಕೆ ಹಚ್ಚಿ ಪೋಲು ಮಾಡಕೂಡದೆಂದೂ ಆಜ್ಞೆಯಾಯಿತು. ವರ್ಷಕ್ಕೊಮ್ಮೆ ಪೂಜೆಯಲ್ಲಿ ಚಿಕ್ಕಬೈರಪ್ಪನವರು ಅದೇ ಗುರುತಿನ ಮೇಲೆ ಅದೇ ಕೈ ಇಟ್ಟು ನವೀಕರಿಸುತ್ತಿದ್ದರು. ಬಡ್ತಿಯ ಮೇಲೆ ವರ್ಗವಾಗಿ ಹೋಗುವಾಗ ಕೈಯ ಅಳತೆಯ ತಗಡಿನ ಅಚ್ಚೊಂದನ್ನು ಮಾಡಿಸಿ, ಉಗ್ರಾಣಕ್ಕೆ ಒಪ್ಪಿಸಿ ಹೋದರು. ಅರವತ್ತೈದರಲ್ಲಿ ಎರಡನೆಯ ಕಾರು ಅಂಗೈಯಿಲ್ಲದೆ ಬಂದಾಗ ಲಕ್ಕಣ್ಣನವರು ಅದನ್ನು ‘ಅಪೂರ್ಣ’ ಎಂದು ಬರೆದು ವಾಪಸು ಕಳಿಸಿದರು.

ಆ ವರ್ಷವೇ ಒಂದು ದಿನ ಖಾದರ್ ಬಾಷಾ ಯಶವಂತಪುರಕ್ಕೆ ಹೋದಾಗ ಮಂಜೂರ್ ಖುಷಿಯಿಂದ ಓಡಿ ಬಂದ. “ಭಾಯ್, ಬೊಂಬಾಯಿಂದ ಹೊಸ ಔಷಧಿ ಬಂದಿದೆ! ಬಣ್ಣಕ್ಕೆ ಏನೂ ಆಗಲ್ಲ. ಹತ್ತೇ ನಿಮಿಷ, ಈ ಕಲೆ ಮಾಯ!”

ಖಾದರ್ ಬಾಷಾ ಬಾನೆಟ್ಟಿನ ಮೇಲೆ ಎರಡೂ ಕೈ ಚಾಚಿ ಅಡ್ಡ ನಿಂತ. “ಮುಟ್ಬೇಡ ಮಂಜೂರ್. ಅದು ಕಲೆ ಅಲ್ಲ, ನನ್ನ ಪೆನ್ಷನ್ನು.”

ಮಂಜೂರ್ ಅವನ ಮುಖ ನೋಡಿದ, ಅಂಗೈ ನೋಡಿದ, ಔಷಧಿಯ ಶೀಸೆಗೆ ಬಿರಡೆ ಹಾಕಿದ. ಸ್ವಲ್ಪ ಹೊತ್ತು ಕಸುಬಿನ ಗಾಂಭೀರ್ಯದಿಂದ ಯೋಚಿಸಿದ.

“ಹಂಗಾದ್ರೆ ಬಿಳೀ ಮೇಣ ತಪ್ಪು ಭಾಯ್,” ಎಂದ. “ಅದು ತೆಳು ಬಣ್ಣಕ್ಕೆ. ಕೆಂಪಿಗೆ ಹಳದಿ ಮೇಣ ಹಚ್ಬೇಕು, ಕೈ ಚೆನ್ನಾಗಿ ಎದ್ದು ಕಾಣುತ್ತೆ.”

ಖಾದರ್ ಬಾಷಾ ಎರಡು ಡಬ್ಬಿ ಹಳದಿ ಮೇಣ ಕಟ್ಟಿಸಿಕೊಂಡು, ರಸೀದಿ ಕೇಳಿದ.